ಒಂದು ಗೇಣು ಕಿಟಕಿ

ಕೂಸನ್ನು ಮಣ್ಣು ಮಾಡಿ ಬಂದ ಮರುದಿನ ನಿಂಗವ್ವ ಅಳಿಯನ ಮುಂದೆ ಚಹಾ ಇಟ್ಟು, ಈ ಊರಲ್ಲಿ ಕಟ್ಟಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದಳು.

ಚೇತನಕುಮಾರ ಕಪ್ಪು ಎತ್ತಿದವನು ಹಾಗೇ ಕೆಳಗಿಟ್ಟ. “ಯಾವ ಕಟ್ಟಿಗೆ ಅತ್ತಿ?”

“ಒಲಿ ಕಟ್ಟಿಗಿ. ನಾಳೆ ಶ್ರೀದೇವಿನ್ನ ಆಸ್ಪತ್ರಿಂದ ಬಿಡ್ತಾರಂತ ನೀವ ಹೇಳಿದ್ರಲ್ಲ. ಬಂದ ಕೂಡ್ಲೇ ಕೋಣಿ ಬೆಚ್ಚಗಿರಬೇಕು.”

“ಇನ್ನೇನು ಬಾಣಂತನ ಅತ್ತಿ? ಪಾಪುನೇ ಇಲ್ಲ.”

“ಕೂಸು ಹೋತು ಅಳಿಯಂದ್ರ. ಆಕಿ ಹಡದದ್ದು ಸುಳ್ಳಾತೇನು?”

ಚೇತನಕುಮಾರ ಚಹಾ ಕುಡಿಯದೆ ಎದ್ದು ಹೋದ.

ನಿಂಗವ್ವ ಗದಗಿನಿಂದ ಬಂದದ್ದೇ ಮಗಳ ಬಾಣಂತನಕ್ಕೆ. ಮೊದಲ ಮಗಳು ಸುಪ್ರಿಯಾ ಹುಟ್ಟಿದಾಗ ಶ್ರೀದೇವಿ ತವರಿಗೆ ಹೋಗಿದ್ದಳು. ಈ ಸಲ ವಿಮಾನ ಹತ್ತಬಾರದು ಎಂದು ಡಾಕ್ಟರು ಹೇಳಿದ್ದರಿಂದ ತವರೇ ಸಿಂಗಪುರದ ಯಿಶುನ್‌ಗೆ ಬಂದಿತ್ತು. ಊರಲ್ಲಿ ಅವಳ ಓಣಿಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ನಿಂಗವ್ವನಿಗೆ ಕರೆ ಬರುತ್ತಿತ್ತು. ಬಾಣಂತಿಗೆ ನೀರು ಹಾಕುವುದು, ಹೊಟ್ಟೆ ಕಟ್ಟುವುದು, ಶಗಡಿಯ ಬೆಂಕಿ ಹದ ಮಾಡುವುದು ಎಲ್ಲದರಲ್ಲೂ ಅವಳ ಕೈಗುಣ ಒಳ್ಳೆಯದೆಂದು ಹೆಸರಾಗಿತ್ತು. ಬರುವಾಗ ಕೆಂಡ ತುಂಬಿಡುವ ಕಬ್ಬಿಣದ ಶಗಡಿಯನ್ನು ಕೌದಿಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ತಂದಿದ್ದಳು. ವಿಮಾನ ನಿಲ್ದಾಣದಲ್ಲಿ ಅದನ್ನು ಬಿಚ್ಚಿ ನೋಡಿದ ಅಧಿಕಾರಿ ಇದು ಬಾರ್ಬೆಕ್ಯೂಗೋ ಎಂದು ಕೇಳಿದಾಗ ಚೇತನಕುಮಾರ ಹೌದು ಎಂದು ನಕ್ಕು ಪಾರಾಗಿದ್ದ. ಎರಡು ತಿಂಗಳು ಮೊದಲೇ ಹುಟ್ಟಿದ ಗಂಡುಕೂಸು ಒಂದು ದಿನವಷ್ಟೇ ಬದುಕಿತು. ಚೇತನಕುಮಾರ, ಅವನ ಆಫೀಸಿನ ಕೇಶವ ಇಬ್ಬರೇ ಚುವಾ ಚು ಕಾಂಗ್‌ನ ಸ್ಮಶಾನಕ್ಕೆ ಹೋಗಿಬಂದರು.

ಶ್ರೀದೇವಿ ಮನೆಗೆ ಬಂದವಳು ನೇರ ಕೋಣೆಗೆ ಹೋಗಿ ಏರ್‌ಕಾನ್ ಹಾಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಇದ್ದದ್ದರಲ್ಲಿ ಎಲ್ಲಕ್ಕಿಂತ ತಣ್ಣಗೆ ಇಟ್ಟುಕೊಂಡಿದ್ದಳು. ನಿಂಗವ್ವ ಆರಿಸಿದಳು. ಸ್ವಲ್ಪ ಹೊತ್ತಿಗೆ ಮತ್ತೆ ಗುಂಯ್ ಎನ್ನುವ ಸದ್ದು ಶುರುವಾಯಿತು.

“ಏನವಾ ಇದು? ಹಸಿಮೈ ನಿಂದು. ಥಂಡಿ ಹೊಕ್ಕರ ಮುಂದ ಸಾಯೋತನಕ ಸೊಂಟ ಹಿಡಕೊಂಡು ಅಡ್ಡಾಡತಿ.”

“ಅಡ್ಡಾಡ್ತೀನಿ ಬಿಡವ್ವಾ.”

“ಅಜವಾನದ ನೀರರ ಕುಡಿ.”

“ಬ್ಯಾಡ.”

ಹಾಲು ಬೇರೆ ಕಟ್ಟಿಕೊಂಡಿತ್ತು. ನಿಂಗವ್ವ ಊರಿಂದ ತಂದಿದ್ದ ಅಳವಿ ಕಾಳಿನ ಗಂಟನ್ನು ಮೇಲಿನ ಕಪಾಟಿಗೆ ಸರಿಸಿದಳು. ಅದು ಹಾಲು ಹೆಚ್ಚಿಸುವ ಕಾಳು. ಆಮೇಲೆ ಲಿಟಲ್ ಇಂಡಿಯಾದಿಂದ ಮಲ್ಲಿಗೆ ತರಿಸಿ ಎಂದು ಮೊಮ್ಮಗಳ ಕೈಲಿ ಅಳಿಯನಿಗೆ ಹೇಳಿ ಕಳಿಸಿದಳು. ಚೇತನಕುಮಾರ ಯಾಕೆ ಎಂದು ಕೇಳದೆ ನಾಲ್ಕು ಮೊಳ ತಂದ. ಹಾಲು ಬತ್ತಲೆಂದು ಅದನ್ನು ಎದೆಗೆ ಇಟ್ಟು ಬಟ್ಟೆ ಕಟ್ಟುವಾಗ ಶ್ರೀದೇವಿ ಬಾಯಿಗೆ ಸೆರಗು ತುರುಕಿಕೊಂಡಳು.

ಹೊರಗೆ ಸುಪ್ರಿಯಾ ಅಪ್ಪನನ್ನು ಕೇಳುತ್ತಿದ್ದಳು. “ಮಮ್ಮಿಗೆ ಫ್ಲವರ್ಸ್ ಯಾಕೆ? ಬರ್ತ್‌ಡೇ ಅಲ್ವಲ್ಲ?”

“ಹೋಂವರ್ಕ್ ಮಾಡು.”

“ಮುಗೀತು ಲಾ.”

ಆ ವಾರ ಮನೆಯಲ್ಲಿ ಊಟ ಒಬ್ಬೊಬ್ಬರದು ಒಂದೊಂದು ತರಹ ಆಯಿತು. ಚೇತನಕುಮಾರ ಉಬಿಯ ಆಫೀಸಿನ ಹತ್ತಿರವೇ ಹಾಕರ್ ಸೆಂಟರ್‌ನಲ್ಲಿ ತಿಂದು ಬರುತ್ತಿದ್ದ. ಸುಪ್ರಿಯಾ ಬ್ರೆಡ್ಡು ತಿಂದಳು. ನಿಂಗವ್ವ ಮಗಳಿಗೆಂದು ಮಾಡಿದ ಮೆತ್ತನೆ ಅನ್ನ, ಬೆಳ್ಳುಳ್ಳಿ ಸಾರು, ಸಬ್ಬಸಿಗೆ ಪಲ್ಯ ತಟ್ಟೆಯಲ್ಲಿ ಆರಿ ವಾಪಸು ಬರುತ್ತಿತ್ತು. ಅದನ್ನೇ ಅವಳು ರಾತ್ರಿ ತಾನು ಉಣ್ಣುತ್ತಿದ್ದಳು.

ಒಂದು ಸಂಜೆ ಚೇತನಕುಮಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದ. “ಅತ್ತಿ, ಅವಳು ಹೀಗೇ ಇದ್ರೆ ಏನು ಗತಿ?”

“ನಾ ಏನ್ ಹೇಳ್ಲಿ? ಇದು ನಿಮ್ಮ ಮನಿ. ನನ್ನ ಮನಿಯಾಗಿದ್ರ ಇಷ್ಟೊತ್ತಿಗೆ ಶಗಡಿ ಹಚ್ಚಿ ವಾರ ಆಗ್ತಿತ್ತು.”

“ಹೊಗೆ ಬಂದ್ರೆ ಕಂಪ್ಲೇಂಟ್ ಮಾಡ್ತಾರೆ ಅತ್ತಿ. ಬಾಡಿಗೆ ಮನೆ ಇದು. ಈಗ ರೆಂಟ್ ಏರ್ತಾ ಇದೆ, ನಮ್ಮನ್ನ ಖಾಲಿ ಮಾಡಿಸೋಕೆ ಓನರ್‌ಗೆ ಒಂದು ನೆಪ ಸಾಕು. ಮೇಲಾಗಿ PR ಅಪ್ಲಿಕೇಶನ್ ಹಾಕಿದೀವಿ.”

“ಅದೇನು ಪೀಯಾರೋ.”

“ಇಲ್ಲೇ ಕಾಯಂ ಇರೋಕೆ ಪರ್ಮಿಶನ್.”

“ಕಾಯಂ ಇರಾಕ ಮನ್ಯಾಗ ಮಂದಿ ಇರಬೇಕಲ್ಲ ಅಳಿಯಂದ್ರ,” ಎಂದ ನಿಂಗವ್ವ ತನ್ನ ಮಾತು ಖಾರವಾಯಿತೆಂದು ತಲೆಯ ಮೇಲಿನ ಸೆರಗು ಎಳೆದುಕೊಂಡು ಸಿಂಕಿನ ಕಡೆ ತಿರುಗಿದಳು.

ಮರುದಿನ ಚೇತನಕುಮಾರ ಕೇಶವನ ವ್ಯಾನಿನಲ್ಲಿ ಒಡೆದ ಪ್ಯಾಕಿಂಗ್ ಹಲಗೆಗಳನ್ನು ಹಾಕಿಸಿಕೊಂಡು ಬಂದ. ಉಬಿಯ ವರ್ಕ್‌ಶಾಪುಗಳ ಹಿಂದೆ ಅವು ರಾಶಿ ಬಿದ್ದಿರುತ್ತವೆ. ನಿಂಗವ್ವ ಎರಡು ಹಲಗೆ ಒಂದಕ್ಕೊಂದು ಬಡಿದು ಸದ್ದು ಕೇಳಿದಳು, ಮೂಸಿದಳು.

“ಒಣಗೇನೋ ಅದಾವು. ಆದ್ರ ಏನೋ ಔಷಧ ಹೊಡದಾರ. ವಾಸನಿ ಬರ್ತೈತಿ.”

“ಬೇರೆ ಎಲ್ಲಿ ತರಲಿ ಅತ್ತಿ, ಕಾಡಿಗೆ ಹೋಗ್ಲಾ?”

“ಇರಲಿ, ನೋಡೂಣು.”

ಅವಳು ಮನೆಯ ಹೊರಗೆ, ಕಾರಿಡಾರಿನಲ್ಲಿ ಶಗಡಿ ಇಟ್ಟು ಹೊತ್ತಿಸಿದಳು. ಕೆಂಡವಾದ ಮೇಲೆ ಒಳಗೆ ಒಯ್ಯುವುದು ಅವಳ ಪದ್ಧತಿ. ಕೆಂಡವಾಗುವ ತನಕ ಹಲಗೆಗಳು ತಾಳಲಿಲ್ಲ; ಹಳದಿ ಹೊಗೆ ಎದ್ದು ಪಕ್ಕದ ಮನೆಯ ಬಟ್ಟೆಗಳ ಮೇಲೆ ಹಾಯಿತು. ಪಕ್ಕದ ಮನೆಯ ಗೆಕ್ ಚೂ ಆಂಟಿ ಕೆಮ್ಮುತ್ತ ಹೊರಗೆ ಬಂದಳು. ಅರವತ್ತು ದಾಟಿದ ಚೀನೀ ಹೆಂಗಸು.

“ಆಯ್ಯೋ! What you burning?”

ನಿಂಗವ್ವ ಗಾಬರಿಯಿಂದ ಮೊಮ್ಮಗಳನ್ನು ಕೂಗಿದಳು. “ಸುಪ್ರಿಯಾ, ಹೇಳವಾ, ನಿಮ್ಮವ್ವಗ ಬಾಣಂತನ ಅಂತ ಹೇಳು.”

ಸುಪ್ರಿಯಾ ಬಾಣಂತನಕ್ಕೆ ಏನು ಹೇಳಬೇಕೆಂದು ತಿಳಿಯದೆ, “My mummy just give birth, my granny want to make her hot,” ಎಂದಳು.

ಗೆಕ್ ಚೂ ಆಂಟಿಯ ಮುಖ ತಟ್ಟನೆ ಅರಳಿತು. “Oh, confinement! Good, good! Boy or girl?”

ಸುಪ್ರಿಯಾ ಅಜ್ಜಿಯನ್ನು ನೋಡಿದಳು. ಅಜ್ಜಿಗೆ ಪ್ರಶ್ನೆ ತಿಳಿಯಲಿಲ್ಲ. ಆದರೆ ಎದುರಿನವಳ ನಗು ಯಾವುದರದೆಂದು ತಿಳಿಯಿತು. ಎರಡೂ ಅಂಗೈ ಬಿಚ್ಚಿ ತೋರಿಸಿದಳು, ಆಮೇಲೆ ಒಂದು ಕೈಯಿಂದ ಮೇಲಕ್ಕೆ ತೋರಿಸಿದಳು.

ಗೆಕ್ ಚೂ ಆಂಟಿ ಒಳಗೆ ಹೋದಳು. ಬಾಗಿಲು ಹಾಕಿಕೊಂಡಳೆಂದೇ ಇವರು ತಿಳಿದರು. ಅವಳು ವಾಪಸು ಬಂದಾಗ ಒಂದು ಕೈಯಲ್ಲಿ ಇದ್ದಿಲಿನ ಚೀಲ, ಇನ್ನೊಂದರಲ್ಲಿ ಹಳೆಯ ಶುಂಠಿಯ ದೊಡ್ಡ ಗೆಡ್ಡೆ ಇತ್ತು. “Use this. No smoke. Your wood no good,” ಎಂದು ಚೀಲವನ್ನು ನಿಂಗವ್ವನ ಕಾಲ ಬಳಿ ಇಟ್ಟಳು.

ಇದ್ದಿಲು ಬಂತು, ಆದರೆ ಶ್ರೀದೇವಿ ಶಗಡಿಯನ್ನು ಕೋಣೆಯೊಳಗೆ ಬಿಡಲಿಲ್ಲ.

“ನನಗ ಸೆಕಿ ಬ್ಯಾಡ ಅಂದ್ರ ಬ್ಯಾಡ.”

“ಯಾಕ ಇಷ್ಟು ಥಂಡ್ಯಾಗ ಬಿದ್ದಿ? ಯಾರ ಮ್ಯಾಲಿನ ಸಿಟ್ಟು ಇದು?”

“ಅದು ತಣ್ಣಗಿತ್ತವ್ವಾ,” ಎಂದಳು ಶ್ರೀದೇವಿ. “ಕಡೀಕ ನನ್ನ ಕೈಯಾಗ ಕೊಟ್ರಲ್ಲ, ಆವಾಗ. ಎಷ್ಟು ಉಜ್ಜಿದ್ರೂ ತಣ್ಣಗಽ ಇತ್ತು.”

ನಿಂಗವ್ವ ಮಂಚದ ಅಂಚಿನಲ್ಲಿ ಕೂತು ಬಹಳ ಹೊತ್ತು ಮಗಳ ಪಾದ ಒತ್ತಿದಳು. ಆಮೇಲೆ ಎದ್ದು ಏರ್‌ಕಾನ್ ಆರಿಸಿ, ಹೊರಗೆ ಬೂದಿ ಮುಸುಕಿ ಕೆಂಪಗೆ ನಿಂತಿದ್ದ ಶಗಡಿಯನ್ನು ಇಕ್ಕಳದಿಂದ ಹಿಡಿದು ತಂದು ಮಂಚದ ಪಕ್ಕ ಇಟ್ಟಳು. ಈ ಸಲ ಶ್ರೀದೇವಿ ಬೇಡ ಎನ್ನಲಿಲ್ಲ.

ಗದಗಿನ ಬಾಣಂತಿ ಕೋಣೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಬಾಗಿಲು ಎಷ್ಟು ಗಟ್ಟಿಯಾಗಿ ಮುಚ್ಚಿದರೂ ಗಾಳಿ ಅಲ್ಲಿಂದ ಆಡುತ್ತಿತ್ತು. ಇಲ್ಲಿ ಅದಿಲ್ಲ ಎಂಬುದು ನಿಂಗವ್ವನಿಗೆ ಮೊದಲ ದಿನವೇ ಗೊತ್ತಾಯಿತು. ಕಿಟಕಿ ಹಾಕಿ ಸ್ವಲ್ಪ ಹೊತ್ತು ಕೂತದ್ದಕ್ಕೆ ತಲೆ ಭಾರವಾಗಿ ವಾಕರಿಕೆ ಬಂತು. “ಬೆಂಕಿಗೂ ಉಸಿರು ಬೇಕವಾ,” ಎಂದು ಮಗಳಿಗೆ ಹೇಳಿ, ಅಂದಿನಿಂದ ಸರಿಯುವ ಕಿಟಕಿಯನ್ನು ಗೇಣು ಹಾಕಿ ಅಳೆದು ಅಷ್ಟು ತೆರೆದೇ ಶಗಡಿ ಒಳಗೆ ತರುತ್ತಿದ್ದಳು. ಇದನ್ನು ಅಳಿಯನಿಗೆ ಹೇಳುವ ಪ್ರಸಂಗ ಬರಲಿಲ್ಲ. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ ಎಂದು ಅವಳೇ ಅವನನ್ನು ಹಾಲ್‌ನಲ್ಲಿ ಮಲಗಿಸಿದ್ದಳು.

ದಿನಾ ಬೆಳಿಗ್ಗೆ ಹಳೆಯ ಬೂದಿ ತೆಗೆದು, ಮಿಲ್ಕ್‌ಪೌಡರ್ ಡಬ್ಬಿಯಲ್ಲಿ ನೀರು ಹಾಕಿ ನಂದಿಸಿಟ್ಟು ಆಮೇಲೆ ಚೆಲ್ಲುವಳು. ತಳಕ್ಕೆ ಸ್ವಲ್ಪ ಬೂದಿ ಬಿಟ್ಟು ಅದರ ಮೇಲೆ ಇದ್ದಿಲು ಜೋಡಿಸುವಳು. ಎಣ್ಣೆ ಹಚ್ಚಿ ಬಿಸಿನೀರು ಹಾಕಿ ಮಗಳನ್ನು ಕೌದಿಯಲ್ಲಿ ಸುತ್ತಿ ಮಲಗಿಸುವಳು. ಮೊದಲು ಬೆವರು ಬಂತು, ಆಮೇಲೆ ಅಳು ಬಂತು, ಅದರ ಹಿಂದೆ ಒಂದು ದಿನ ಹಸಿವೂ ಬಂತು.

“ಅವ್ವಾ, ಬಳ್ಳೊಳ್ಳಿ ಚಟ್ನಿ ಐತೇನು?”

ಅಡುಗೆಮನೆಯಲ್ಲಿ ನಿಂಗವ್ವನ ಕೈಯಿಂದ ಸೌಟು ಜಾರಿತು. “ಐತಿ ತಾಯಿ, ಐತಿ.”

ಸುಪ್ರಿಯಾ ಅಮ್ಮನ ಕೌದಿಯೊಳಗೆ ನುಗ್ಗಿ ಅಜ್ಜಿಗೆ, “So hot lah, ಆಯಿ! ನಾವೇನು ಕೆಂಡದ ಮೇಲೆ ಸುಡೋ satayನಾ?” ಎಂದಾಗ ಶ್ರೀದೇವಿ ನಕ್ಕಳು. ಹಾಲ್‌ನಲ್ಲಿ ಕೂತಿದ್ದ ಚೇತನಕುಮಾರ ಆ ನಗು ಕೇಳಿ ಟಿವಿಯ ಸದ್ದು ಸಣ್ಣದು ಮಾಡಿದ. ಅಂದು ರಾತ್ರಿ ಅವನು ಮನೆಯಲ್ಲೇ ಉಂಡ.

“ನಿಮ್ಮ ಕೈಗುಣ ಅತ್ತಿ,” ಎಂದ.

“ನಂದೇನೈತ್ರಿ, ಬೆಂಕಿದು,” ಎಂದಳು ನಿಂಗವ್ವ. ಆದರೆ ಅವನಿಗೆ ಎರಡು ಸಲ ತುಪ್ಪ ಬಡಿಸಿದಳು.

ಅಕ್ಟೋಬರ್‌ನಲ್ಲಿ ಸಮುದ್ರದ ಆಚೆ ಸುಮಾತ್ರಾದ ಕಾಡುಗಳು ಉರಿದು ಆ ಹೊಗೆಯೆಲ್ಲ ಸಿಂಗಪುರದ ಮೇಲೆ ಬಂದು ಕೂತಿತು. ಇಲ್ಲಿನವರ ಬಾಯಲ್ಲಿ ಅದು ಹೇಝ್. ಎದುರಿನ ಬ್ಲಾಕು ಮಸುಕಾಯಿತು. ಶಾಲೆಯಲ್ಲಿ ಮಕ್ಕಳನ್ನು ಆಟಕ್ಕೆ ಬಿಡಲಿಲ್ಲ. ಕಿಟಕಿ ಬಾಗಿಲು ಹಾಕಿಕೊಂಡಿರಿ ಎಂದು ಟಿವಿಯಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು. ಚೇತನಕುಮಾರ ಮಾಸ್ಕು ತಂದು ಎಲ್ಲರಿಗೂ ಹಂಚಿದ.

ಆ ಶನಿವಾರ ನಿಂಗವ್ವ ಮಗಳಿಗೆ ನೀರು ಹಾಕಿ, ಶಗಡಿ ಇಟ್ಟು, ಕಿಟಕಿ ಗೇಣು ತೆರೆದು, ಡ್ರಾಯಿಂಗ್ ಕ್ಲಾಸಿನಿಂದ ಸುಪ್ರಿಯಾಳನ್ನು ಕರೆತರಲು ಕೆಳಗೆ ಹೋದಳು. ಚೇತನಕುಮಾರ ಅರ್ಧ ದಿನದ ಕೆಲಸಕ್ಕೆ ಉಬಿಗೆ ಹೊರಟಿದ್ದ. ಬೂಟು ಹಾಕಿಕೊಂಡವನು ಮತ್ತೆ ಬಿಚ್ಚಿ, ಎಷ್ಟೋ ದಿನದ ಮೇಲೆ ಹೆಂಡತಿಯ ಕೋಣೆಗೆ ಇಣುಕಿದ. ಶ್ರೀದೇವಿ ಬಾಯಿ ಸ್ವಲ್ಪ ತೆರೆದುಕೊಂಡು ಗಾಢ ನಿದ್ದೆಯಲ್ಲಿದ್ದಳು. ಹಣೆಯ ಮೇಲೆ ಬೆವರಿತ್ತು. ಹೆರಿಗೆಯ ಮುಂಚಿನ ಮುಖ ಅದು. ತೆರೆದ ಕಿಟಕಿಯಿಂದ ಹೊರಗಿನ ಸುಟ್ಟ ವಾಸನೆ ಒಳಗೆ ಬರುತ್ತಿತ್ತು. ಅತ್ತೆ ಮರೆತಿದ್ದಾರೆ ಎಂದುಕೊಂಡು ಅವನು ಸದ್ದಾಗದಂತೆ ಕಿಟಕಿಯನ್ನು ಸರಿಸಿ ಪೂರ್ತಿ ಮುಚ್ಚಿದ. ಬಾಗಿಲನ್ನೂ ಮೆಲ್ಲಗೆ ಎಳೆದುಕೊಂಡು ಹೋದ. ಶಗಡಿಯಲ್ಲಿ ಒಂದು ಎಳೆ ಹೊಗೆಯೂ ಇರಲಿಲ್ಲ.

ನಿಂಗವ್ವ ಸೊಪ್ಪು ಕೊಂಡು ಮೊಮ್ಮಗಳ ಜೊತೆ ಮೇಲೆ ಬಂದಾಗ ಶ್ರೀದೇವಿ ಎಬ್ಬಿಸಿದರೆ ಏಳಲಿಲ್ಲ. ಸುಪ್ರಿಯಾ ಚೀರಿಕೊಂಡು ಪಕ್ಕದ ಮನೆಗೆ ಓಡಿದಳು. ಗೆಕ್ ಚೂ ಆಂಟಿ ಬಂದವಳೇ ಕಿಟಕಿ ಎಳೆದು ತೆರೆದು, ಫೋನು ಮಾಡಿದಳು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೆನ್ನೆ ತಟ್ಟುತ್ತಿದ್ದ ನಿಂಗವ್ವನಿಗೆ ಯಾರು ಏನು ಮಾಡಿದರೆಂದು ಗೊತ್ತಾಗಲಿಲ್ಲ.

ಜೀವ ಉಳಿಯಿತು. ಇದ್ದಿಲಿನ ವಿಷಗಾಳಿ ತಲೆಗೇರಿದೆ ಎಂದು ಆಸ್ಪತ್ರೆಯಲ್ಲಿ ಮೂಗಿಗೆ ಮಾಸ್ಕು ಕಟ್ಟಿ ಆಕ್ಸಿಜನ್ ಕೊಟ್ಟರು. ಸಂಜೆಯ ಹೊತ್ತಿಗೆ ಕಣ್ಣು ಬಿಟ್ಟಳು. ಆಗ ಯುವ ಡಾಕ್ಟರ ಜೊತೆ ಒಬ್ಬ ಮಹಿಳಾ ಪೊಲೀಸ್ ಅಧಿಕಾರಿ ವಾರ್ಡಿಗೆ ಬಂದಳು. ಅವಳ ದನಿ ಮೃದುವಾಗಿಯೇ ಇತ್ತು. ಕೂಸು ಕಳೆದುಕೊಂಡು ಎಷ್ಟು ದಿನವಾಯಿತು? ಶ್ರೀದೇವಿ ಊಟ ಮಾಡುತ್ತಿದ್ದಳೇ? ಬದುಕುವುದು ಬೇಡ ಎಂದು ಯಾವಾಗಲಾದರೂ ಹೇಳಿದ್ದಳೇ?

ಚೇತನಕುಮಾರನಿಗೆ ಆಗ ತಿಳಿಯಿತು, ಇವರು ಇದನ್ನು ಏನೆಂದು ತಿಳಿದಿದ್ದಾರೆ ಎಂದು. “ನೋ, ನೋ. ಇದು ನಮ್ಮ ಕಸ್ಟಮ್,” ಎಂದು ಇಂಗ್ಲಿಷಿನಲ್ಲಿ ವಿವರಿಸಿದ. ಅಧಿಕಾರಿ ಬರೆದುಕೊಂಡಳು.

“ಕಿಟಕಿ ಪೂರ್ತಿ ಹಾಕಿತ್ತು ಎಂದು ನೆರೆಯವರು ಹೇಳಿದ್ದಾರೆ. ಹಾಕಿದವರು ಯಾರು? ನಿಮ್ಮ ಅತ್ತೆಯವರನ್ನು ಕೇಳಿ.”

ಚೇತನಕುಮಾರ ಅತ್ತೆಯ ಕಡೆ ತಿರುಗಿದ. “ಅತ್ತಿ, ನೀವು ಹೋಗುವಾಗ ಕಿಟಕಿ ಹೇಗಿತ್ತು ಅಂತ ಕೇಳ್ತಿದಾರೆ.”

“ಒಂದು ಗೇಣು ತೆಗದಿದ್ನಿ. ದಿನಾ ತೆಗಿತೀನಿ. ತೆಗೀದ ಶಗಡಿ ಒಳಗ ಇಡಂಗಽ ಇಲ್ಲ. ಹೇಳ್ರಿ ಅವರಿಗೆ.”

ಅಧಿಕಾರಿ ಪೆನ್ನು ಎತ್ತಿ ಕಾಯುತ್ತಿದ್ದಳು. ಚೇತನಕುಮಾರ ಮತ್ತೆ ಅವಳ ಕಡೆ ತಿರುಗಿದ.

“She doesn’t remember,” ಎಂದ. “She is old. ಬಹುಶಃ ಹೇಝ್ ಅಂತ ಅವರೇ ಹಾಕಿರಬಹುದು.”

ಮಾಸ್ಕಿನ ಹಿಂದೆ ಶ್ರೀದೇವಿ ಕಣ್ಣು ಮುಚ್ಚಿದ್ದಳು. ಎರಡೂ ಭಾಷೆ ಅವಳಿಗೆ ಕೇಳಿಸಿತು.

ವಯಸ್ಸಾದವರ ಅಜಾಗರೂಕತೆಯಿಂದ ಆದ ಆಕಸ್ಮಿಕ ಎಂದು ಬರೆದುಕೊಂಡು, ಇನ್ನು ಮನೆಯೊಳಗೆ ಇದ್ದಿಲು ಉರಿಸಬಾರದೆಂದು ಹೇಳಿ ಬಿಟ್ಟರು. ಮನೆಗೆ ಬಂದ ದಿನವೇ ಶ್ರೀದೇವಿ ಗಂಡನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಅವ್ವ ಹೇಳಿದ್ದೊಂದು, ನೀವು ಹೇಳಿದ್ದೊಂದು. ಯಾಕ?”

“ಕಿಟಕಿ ನಾನೇ ಹಾಕಿದ್ದೆ. ಹೇಝ್ ಬರ್ತಿತ್ತು, ನೀನು ಮಲಗಿದ್ದೆ. ನನಗೆ ಗೊತ್ತಿರಲಿಲ್ಲ ಶ್ರೀ, ಪ್ರಾಮಿಸ್.”

“ಅದು ತಪ್ಪಲ್ಲ. ಅವ್ವ ಅಷ್ಟು ಬಿಡಿಸಿ ಹೇಳಿದ್ಲು. ಅದನ್ನ ಯಾಕ ನುಂಗಿದ್ರಿ?”

“ಭಯ ಆಯ್ತು. ಕೇಸ್ ಆದ್ರೆ ಜಾಬ್, PR ಎಲ್ಲ ಹೋಗುತ್ತೆ. ಅವರಿಗೆ ಏನಾಗುತ್ತೆ? ಊರಿಗೆ ಹೋಗ್ತಾರೆ ಅಷ್ಟೆ.”

“ಅಷ್ಟ ಅಲ್ರಿ. ಅವ್ವಗ ಹೇಳ್ರಿ.”

“ಹೇಳ್ತೀನಿ.”

ಅಂದು ಹೇಳಲಿಲ್ಲ. ಮರುದಿನ ಆಫೀಸಿನಿಂದ ತಡವಾಗಿ ಬಂದ. ಅದರ ಮರುದಿನ ತಲೆನೋವೆಂದ. ಶ್ರೀದೇವಿ ತಾನೇ ಹೇಳಲು ಹೋಗಿ, ಅವನ ಬಾಯಿಂದಲೇ ಬರಲಿ ಎಂದು ಸುಮ್ಮನಾದಳು.

ಈ ನಡುವೆ ನಿಂಗವ್ವ ಗ್ಯಾಸ್ ಹೊತ್ತಿಸುವುದನ್ನು ಬಿಟ್ಟಳು. ಸುಪ್ರಿಯಾ ಶಾಲೆಯಿಂದ ಬಂದ ಮೇಲೆ, “ಒಲಿ ಹಚ್ಚಿ ಕೊಡವಾ,” ಎಂದು ಅವಳ ಕೈಲಿ ಹಚ್ಚಿಸುತ್ತಿದ್ದಳು.

“Can ಆಯಿ. ನೀವೇ ಯಾಕೆ ಮಾಡಲ್ಲ?”

“ನನ್ನ ಕೈ ಛಲೋ ಇಲ್ಲ.”

ಮೊದಮೊದಲು ಅವಳು ಹೇಳುತ್ತಿದ್ದದ್ದು ಒಂದೇ. “ನಾ ತೆಗದಿದ್ನೆಲ್ಲ ಶ್ರೀದೇವಿ? ಗೇಣು ಇಟ್ಟು ನೋಡಿದ್ನೆಲ್ಲ?” ಕೆಲವು ದಿನಕ್ಕೆ ಅದು, “ತೆಗದಿದ್ನೋ, ತೆಗೀಬೇಕಂತ ಮಾಡಿದ್ನೋ,” ಎಂದಾಯಿತು. ಒಂದು ಬೆಳಿಗ್ಗೆ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ಮಗಳಿಗೆ ಹೇಳಿದಳು. “ಈಗ ನೆನಪಾತು ನೋಡು. ಹೊರಗಿನ ಹೊಗಿ ವಾಸನಿ ಬಂತು. ಸುಪ್ರಿಯಾನ ಕ್ಲಾಸ್ ಬಿಡೂ ಹೊತ್ತಾತಂತ ಅವಸರದಾಗ ನಾನ ಸರಿಸಿದ್ನಿ.”

“ಇಲ್ಲವ್ವಾ!” ಎಂದಳು ಶ್ರೀದೇವಿ. “ನೀ ಸರಿಸಿಲ್ಲ.”

“ನಿದ್ದಿಯಾಗಿದ್ದಿ, ನಿನಗೇನು ಗೊತ್ತು?”

ಊರಿನಿಂದ ಫೋನು ಬಂತು. ಓಣಿಯ ಭಾಗೀರಥಿಯ ಸೊಸೆಗೆ ದಿನ ತುಂಬಿತ್ತು. ನಿಂಗವ್ವ ಬರುವುದು ಯಾವಾಗ ಎಂದು ಕೇಳುತ್ತಿದ್ದರು. “ಬ್ಯಾರೆ ಯಾರನ್ನರ ನೋಡಿಕೋ ಭಾಗೀರಥಿ,” ಎಂದಳು ನಿಂಗವ್ವ. “ನಾ ಇನ್ನ ಯಾರ ಬಾಣಂತನಕ್ಕೂ ಕೈ ಹಚ್ಚಂಗಿಲ್ಲ. ಹಡದ ಮಗಳನ್ನಽ ಕೊಂದು ಬಿಡ್ತಿದ್ನಿ.” ಫೋನಿಟ್ಟ ಮೇಲೆ ಮತ್ತೆ ಅಕ್ಕಿಗೆ ಕೈ ಹಾಕಿದಳು.

ಟಿಕೆಟ್ ಬುಕ್ ಆಯಿತು. ಹೊರಡುವ ಹಿಂದಿನ ಸಂಜೆ ಶ್ರೀದೇವಿ ತಾನೇ ರೊಟ್ಟಿ ಬಡಿಯಲು ನಿಂತಳು. ರೊಟ್ಟಿಗಳು ಅಂಚು ಹರಿದು ದಪ್ಪ ದಪ್ಪ ಆದವು. ನಿಂಗವ್ವ ಬಡಿಸಿದಳು. ಶ್ರೀದೇವಿ ಗಂಡನ ಎದುರು ಕೂತು ಅವನನ್ನೇ ನೋಡುತ್ತಿದ್ದಳು. ಅವನು ಮುರಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ.

“ಅತ್ತಿ, ಕೂತ್ಕೊಳ್ಳಿ. ಒಂದು ಮಾತು ಹೇಳಬೇಕು.”

“ನಿಂತಽ ಕೇಳ್ತೀನಿ, ಹೇಳ್ರಿ.”

“ಅವತ್ತು ಕಿಟಕಿ ನಾನು ಹಾಕಿದ್ದು. ನೀವಲ್ಲ. ನೀವು ತೆರೆದೇ ಹೋಗಿದ್ರಿ. ಹೇಝ್ ಬರುತ್ತೆ ಅಂತ ನಾನೇ ಒಳಗೆ ಹೋಗಿ ಹಾಕಿದೆ.”

ನಿಂಗವ್ವ ಅವನನ್ನು ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತು ಅಳಿಯನ ಮುಖ ಅವಳು ಎಂದೂ ನೋಡಿರಲಿಲ್ಲ. ಅವಳ ಕಣ್ಣು ತುಂಬಿದವು.

“ಶ್ರೀದೇವಿ ಹೇಳಂತ ಹೇಳಿದ್ಲೇನ್ರಿ?”

“ಇಲ್ಲ ಅತ್ತಿ. ಖರೇನೇ.”

“ನಾ ಇದನ್ನ ಹೊತಗೊಂಡು ಊರಿಗೆ ಹೋಗಬಾರದು ಅಂತ ನೀವು ನಿಮ್ಮ ಮೈಮ್ಯಾಲೆ ತಗೊಳ್ಳಾಕ ಹತ್ತೀರಿ. ನನಗ ತಿಳೀತೈತಿ.”

“ಅವ್ವಾ, ಅವರು ಹೇಳೂದು ಖರೆ!” ಶ್ರೀದೇವಿಯ ದನಿ ಏರಿತು. “ಕಿಟಕಿ ಹಾಕಿದವರು ಅವರಽ!”

“ಸುಮ್ನಿರು ನೀ. ಗಂಡ ದೊಡ್ಡ ಮನಸು ಮಾಡಿ ಒಂದು ಮಾತು ಆಡಿದ್ರ ಅದನ್ನ ಹಿಡಕೊಂಡು ಅವರ ಮ್ಯಾಲೆ ಹಾಕ್ತಾರೇನು?” ನಿಂಗವ್ವ ಬಲಗೈಯನ್ನು ಗಾಳಿಯಲ್ಲಿ ಎತ್ತಿ, ಇಲ್ಲದ ಕಿಟಕಿಯೊಂದನ್ನು ಎಡದಿಂದ ಬಲಕ್ಕೆ ಪೂರ್ತಿ ಸರಿಸಿ ತೋರಿಸಿದಳು. “ಹಿಂಗ ಸರಿಸಿದ್ನಿ. ಗಾಜು ಬಿಸಿ ಇತ್ತು. ನನ್ನ ಕೈಗೆ ನೆನಪೈತಿ.”

“ಅತ್ತಿ, ಆಸ್ಪತ್ರೆಯಲ್ಲಿ ಪೊಲೀಸಿನವರಿಗೆ ನಾನು...”

“ಎಲ್ಲಾ ನೀವಽ ನಿಭಾಯಿಸಿದ್ರಿ. ನಾ ಕಂಡೀನಿ. ನನ್ನ ಜೇಲಿಗೆ ಹಾಕಲಾರದಂಗ ಉಳಿಸಿಕೊಂಡ್ರಿ.” ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. “ಇಂಥಾ ಅಳಿಯ ಸಿಗಾಕ ನನ್ನ ಮಗಳು ಪುಣ್ಯ ಮಾಡ್ಯಾಳ.”

ಹೀಗೆಂದವಳೇ ಇದ್ದ ರೊಟ್ಟಿಗಳಲ್ಲಿ ಹರಿಯದ ಒಂದನ್ನು ಆರಿಸಿ ಅವನ ತಟ್ಟೆಗೆ ಹಾಕಿದಳು. ಶ್ರೀದೇವಿ ಎದ್ದು ಅಡುಗೆಮನೆಗೆ ಹೋದಳು. ನಲ್ಲಿಯ ನೀರು ಜೋರಾಗಿ ಬಿಟ್ಟ ಸದ್ದು ಕೇಳಿಸಿತು.

“ಉಣ್ರಿ ಅಳಿಯಂದ್ರ, ಆರತೈತಿ,” ಎಂದಳು ನಿಂಗವ್ವ.

ಚೇತನಕುಮಾರ ತಲೆ ತಗ್ಗಿಸಿ ಉಂಡ. ಅವನ ಕೊನೆಯ ತುತ್ತು ಮುಗಿಯುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.